ಚೀನೀ ಭಾಷಾ ಪರೀಕ್ಷೆ: ಕಾಸರಗೋಡಿನವರು ಯಾವುದಕ್ಕೆ, ಎಲ್ಲಿ, ಹೇಗೆ ಹೆಸರು ಕೊಡಬೇಕು?

ಪ್ಲಸ್ ಟು ಮುಗಿಸಿ ಚೀನಾದಲ್ಲಿ ಎಂಬಿಬಿಎಸ್ ಓದಲು ಹೊರಟವರು, ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿರುವವರು, ತೈವಾನಿನಲ್ಲಿ ಓದೋ ಕೆಲಸವೋ ನೋಡುತ್ತಿರುವ ಎಂಜಿನಿಯರುಗಳು, ಅಂಗಡಿಗೆ ಸರಕು ತರಲು ಗ್ವಾಂಗ್‌ಝೌ ಕಡೆ ಹೋಗಿಬರುವ ವ್ಯಾಪಾರಿಗಳು. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಚೀನೀ ಭಾಷೆ ಕಲಿಯುತ್ತಿರುವ ಇವರೆಲ್ಲರೂ ಕೇಳುವುದು ಒಂದೇ ಪ್ರಶ್ನೆ: ಚೀನಾದ ಭಾಷಾ ಪರೀಕ್ಷೆಯಾದ ಎಚ್‌ಎಸ್‌ಕೆ ಬರೆಯಬೇಕೋ, ತೈವಾನಿನ ಟಿಒಸಿಎಫ್‌ಎಲ್ ಬರೆಯಬೇಕೋ? ಯಾವ ಹಂತ? ಕಾಗದದಲ್ಲೋ, ಕಂಪ್ಯೂಟರಿನಲ್ಲೋ? ಎಲ್ಲರಿಗೂ ಸಲ್ಲುವ ಉತ್ತರ ಇದಕ್ಕೆ ಇಲ್ಲ. ಆದರೆ ಸರಿಯಾದ ಕ್ರಮದಲ್ಲಿ ಯೋಚಿಸಿದರೆ ನಿಮ್ಮ ಉತ್ತರ ನಿಮಗೆ ಸಿಗುತ್ತದೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು, ನಿಮ್ಮ ಅಂಕಪಟ್ಟಿಯನ್ನು ಯಾರು ಕೇಳುತ್ತಾರೆ ಎಂಬುದು. ಚೀನಾದ ವಿಶ್ವವಿದ್ಯಾಲಯ ಕೇಳಿದರೆ ಎಚ್‌ಎಸ್‌ಕೆ, ತೈವಾನಿನದ್ದು ಕೇಳಿದರೆ ಟಿಒಸಿಎಫ್‌ಎಲ್. ಯಾರೂ ಕೇಳದಿದ್ದರೆ ಪರೀಕ್ಷೆ ಬರೆಯದೆ ಕಲಿಯುವುದನ್ನು ಮುಂದುವರಿಸುವುದೂ ಒಂದು ಆಯ್ಕೆಯೇ. ಪ್ರಮಾಣಪತ್ರ ಇದ್ದರೆ ಯಾವತ್ತಾದರೂ ಉಪಯೋಗಕ್ಕೆ ಬಂದೀತು ಎಂಬ ಲೆಕ್ಕದಲ್ಲಿ ಊರು ಬಿಟ್ಟು ಊರಿಗೆ ಹೋಗಿ ಎಚ್‌ಎಸ್‌ಕೆ ಒಂದನೇ ಹಂತ ಬರೆಯುವವರಿದ್ದಾರೆ. ಅದೇ ಹಣಕ್ಕೆ ಒಳ್ಳೆಯ ಪುಸ್ತಕವೂ ಕೆಲವು ತಿಂಗಳ ಪಾಠವೂ ಸಿಗುತ್ತದೆ.

ಎರಡನೆಯದು ಸಮಯ. ಚೀನಾದ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಎಚ್‌ಎಸ್‌ಕೆ ಅಂಕವನ್ನು ಪರೀಕ್ಷೆ ಬರೆದ ದಿನದಿಂದ ಎರಡು ವರ್ಷದವರೆಗೆ ಮಾತ್ರ ಒಪ್ಪುತ್ತವೆ. ತೀರಾ ಬೇಗ ಬರೆದರೆ ಅರ್ಜಿ ಹಾಕುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ತಡವಾಗಿ ಬರೆದರೆ ಫಲಿತಾಂಶವೇ ಬಂದಿರುವುದಿಲ್ಲ. ಮೂರನೆಯದು, ಚೀನೀ ಅಕ್ಷರಗಳನ್ನು ಕೈಯಲ್ಲಿ ಬರೆಯಲು ನಿಮಗೆ ಬರುತ್ತದೆಯೋ ಅಥವಾ ಓದಲು ಮಾತ್ರವೋ ಎಂಬುದು. ನಾಲ್ಕನೆಯದು ದೂರ. ಕಾಸರಗೋಡಿನವರಿಗೆ ಪರೀಕ್ಷಾ ಶುಲ್ಕಕ್ಕಿಂತ ರೈಲು, ವಸತಿ, ಜೊತೆಗೆ ಬರುವ ಅಪ್ಪನ ಎರಡು ದಿನದ ಸಂಬಳ, ಇವೇ ಹೆಚ್ಚು ಭಾರ. ಈ ನಾಲ್ಕಕ್ಕೂ ಮೊದಲೇ ಕೈಯಲ್ಲಿರಬೇಕಾದದ್ದು ಪಾಸ್‌ಪೋರ್ಟ್. ಅದರ ವಿಷಯ ಮುಂದೆ ವಿವರವಾಗಿ ಬರುತ್ತದೆ, ಏಕೆಂದರೆ ಹೆಚ್ಚು ಎಡವಟ್ಟಾಗುವುದು ಅಲ್ಲೇ.

ಎಚ್‌ಎಸ್‌ಕೆ: ಯಾವ ಹಂತ?

ಎಚ್‌ಎಸ್‌ಕೆಯಲ್ಲಿ ಕೆಳಗಿನ ಹಂತ ಪಾಸಾಗದೆ ಮೇಲಿನದನ್ನು ಬರೆಯಬಾರದು ಎಂಬ ನಿಯಮ ಇಲ್ಲ. ನೇರವಾಗಿ ಮೂರಕ್ಕೋ ನಾಲ್ಕಕ್ಕೋ ಹೆಸರು ಕೊಡಬಹುದು. ಆದ್ದರಿಂದ ಒಂದು, ಎರಡು, ಮೂರು ಎಂದು ಮೆಟ್ಟಿಲು ಮೆಟ್ಟಿಲಾಗಿ ಪ್ರತಿಯೊಂದಕ್ಕೂ ಶುಲ್ಕ ಕಟ್ಟಿ, ಪ್ರತಿ ಸಲವೂ ರೈಲು ಹತ್ತಬೇಕಾಗಿಲ್ಲ.

ಬಹುಕಾಲ ನಡೆದುಕೊಂಡು ಬಂದ ಆರು ಹಂತದ ಪರೀಕ್ಷೆಯಲ್ಲಿ ಒಂದನೇ ಹಂತಕ್ಕೆ 150 ಪದ, ಎರಡಕ್ಕೆ 300, ಮೂರಕ್ಕೆ 600, ನಾಲ್ಕಕ್ಕೆ 1200, ಐದಕ್ಕೆ 2500, ಆರಕ್ಕೆ 5000. ಪದಸಂಖ್ಯೆ ಪ್ರತಿ ಸಲ ಸುಮಾರು ಇಮ್ಮಡಿಯಾಗುತ್ತದೆ. ಹಾಗಾಗಿ ಎರಡನೇ ಹಂತ ಬೇಗ ಮುಗಿಯಿತೆಂದು ನಾಲ್ಕನೆಯದೂ ಅಷ್ಟೇ ಬೇಗ ಆದೀತು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಒಂದು ಮತ್ತು ಎರಡನೇ ಹಂತದ ಪ್ರಶ್ನೆಪತ್ರಿಕೆಯಲ್ಲಿ ಅಕ್ಷರದ ಜೊತೆ ಪಿನ್‌ಯಿನ್, ಅಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಚೀನೀ ಉಚ್ಚಾರ, ಕೂಡ ಅಚ್ಚಾಗಿರುತ್ತದೆ. ಬರವಣಿಗೆ ಇಲ್ಲ, ಕೇಳುವುದು ಮತ್ತು ಓದುವುದು ಮಾತ್ರ. ಒಟ್ಟು 200 ಅಂಕ, 120 ಬಂದರೆ ಪಾಸ್. ಮೂರನೇ ಹಂತದಿಂದ ಪಿನ್‌ಯಿನ್ ಆಸರೆ ತಪ್ಪುತ್ತದೆ, ಬರವಣಿಗೆ ಸೇರುತ್ತದೆ, ಒಟ್ಟು 300 ಅಂಕ, ಪಾಸಿಗೆ 180. ಕಿವಿಗೆ ನಿಜವಾದ ಪೆಟ್ಟು ಬೀಳುವುದು ಮೂರರಿಂದ ನಾಲ್ಕಕ್ಕೆ ಹೋಗುವಾಗ. ಮೂರನೇ ಹಂತದವರೆಗೆ ಆಲಿಸುವ ಭಾಗದಲ್ಲಿ ಪ್ರತಿಯೊಂದನ್ನೂ ಎರಡು ಸಲ ಕೇಳಿಸುತ್ತಾರೆ. ನಾಲ್ಕರಿಂದ ಒಂದೇ ಸಲ. ಒಂದು ಪದ ತಪ್ಪಿಹೋದರೆ ಅದನ್ನೇ ಯೋಚಿಸುತ್ತ ಮುಂದಿನ ಎರಡು ಪ್ರಶ್ನೆಯನ್ನೂ ಕಳೆದುಕೊಳ್ಳುವವರು ಬಹಳ. ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಹಿಡಿದು, ಧ್ವನಿಯನ್ನು ಎಲ್ಲೂ ನಿಲ್ಲಿಸದೆ, ಗಡಿಯಾರ ಇಟ್ಟು ಬರೆದು ನೋಡಿ. ನಾಲ್ಕನೇ ಹಂತದಲ್ಲಿ 100 ಪ್ರಶ್ನೆ, ಸುಮಾರು 105 ನಿಮಿಷ. ಹಾಗೆ ಬರೆದು 220 ದಾಟುತ್ತಿದ್ದರೆ ಹೆಸರು ಕೊಡಿ. 180ರ ಆಸುಪಾಸಿನಲ್ಲಿ ಓಲಾಡುತ್ತಿದ್ದರೆ ಇನ್ನೊಂದು ದಿನಾಂಕಕ್ಕೆ ಕಾಯುವುದೇ ಲೇಸು. ಪರೀಕ್ಷಾ ಕೊಠಡಿಯಲ್ಲಿ ಅಂಕ ಮನೆಗಿಂತ ಇಳಿಯುವುದೇ ಹೆಚ್ಚು.

ಪಾಸಾದರೆ ಸಾಲದ ಸಂದರ್ಭಗಳೂ ಇವೆ. ಚೀನೀ ಭಾಷಾ ಶಿಕ್ಷಕರಾಗುವವರಿಗೆ ಚೀನಾ ಕೊಡುವ ಅಂತರರಾಷ್ಟ್ರೀಯ ವಿದ್ಯಾರ್ಥಿವೇತನದಲ್ಲಿ ಪದವಿಗೆ ನಾಲ್ಕನೇ ಹಂತ, ಸ್ನಾತಕೋತ್ತರಕ್ಕೆ ಐದನೇ ಹಂತ ಕೇಳುತ್ತ ಬಂದಿದ್ದಾರೆ. ಎರಡರಲ್ಲೂ 210 ಅಂಕ, ಜೊತೆಗೆ ಮಾತಿನ ಪರೀಕ್ಷೆಯಲ್ಲಿ 60. ಅಂದರೆ 185 ತೆಗೆದು ಪಾಸಾದವರೂ ಅಲ್ಲಿ ಹೊರಗೇ. ನೀವು ಹಾಕುವ ವರ್ಷದ ಪ್ರಕಟಣೆಯಲ್ಲಿ ಹಂತ ಮತ್ತು ಅಂಕ ಎರಡನ್ನೂ ಓದಿಕೊಳ್ಳಿ.

ಎಂಬಿಬಿಎಸ್‌ಗೆ ಹೋಗುವವರ ಲೆಕ್ಕವೇ ಬೇರೆ. ಪಾಠ ಇಂಗ್ಲಿಷಿನಲ್ಲಿ, ಚೀನೀ ಭಾಷೆ ಬೇಡ ಎಂದು ಏಜೆಂಟರು ಹೇಳಿದರೆ ಅದು ಅರ್ಧ ಸತ್ಯ. ವಿದ್ಯಾರ್ಥಿಗಳು ಎಚ್‌ಎಸ್‌ಕೆ ನಾಲ್ಕನೇ ಹಂತದವರೆಗೆ ಕಲಿಯಲೇಬೇಕು, ಇಲ್ಲದಿದ್ದರೆ ಪದವಿ ಸಿಗುವುದಿಲ್ಲ ಎಂದು ಬೀಜಿಂಗಿನ ಭಾರತೀಯ ರಾಯಭಾರ ಕಚೇರಿ 2022ರ ಸೆಪ್ಟೆಂಬರಿನ ಸೂಚನೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆಸ್ಪತ್ರೆಯಲ್ಲಿ ರೋಗಿ ಮಾತಾಡುವುದು ಚೀನೀ ಭಾಷೆಯಲ್ಲೇ, ಆದ್ದರಿಂದ ಇದು ಬರಿಯ ಕಾಗದದ ನಿಯಮ ಅಲ್ಲ. ಹಾಗೆಂದು ಹೊರಡುವ ಮೊದಲು ಇಲ್ಲೇ ಪರೀಕ್ಷೆ ಬರೆಯಬೇಕೆಂದೇನೂ ಇಲ್ಲ. ಅಲ್ಲಿಗೆ ಹೋದ ಮೇಲೆ ಕೇಂದ್ರಗಳೂ ದಿನಾಂಕಗಳೂ ಹೆಚ್ಚು. ಇಲ್ಲಿಂದ ಎರಡನೇ ಹಂತದಷ್ಟು ಕಲಿತು ಹೋಗಿ, ನಾಲ್ಕನೆಯದನ್ನು ಅಲ್ಲಿ ಮೂರನೇ ವರ್ಷದೊಳಗೆ ಬರೆಯಿರಿ. ಕೊನೆಯ ವರ್ಷಕ್ಕೆ ತಳ್ಳಿದರೆ ಕ್ಲಿನಿಕಲ್ ಕೆಲಸದ ನಡುವೆ 1200 ಪದ ಕಲಿಯಬೇಕಾಗುತ್ತದೆ.

ಪುಸ್ತಕ ಕೊಳ್ಳುವ ಮುನ್ನ ಇನ್ನೊಂದು ವಿಷಯ ಗಮನಿಸಿ. 2021ರ ಜುಲೈ 1ರಿಂದ ಚೀನಾ ಒಂಬತ್ತು ಹಂತದ ಹೊಸ ಮಾನದಂಡ ತಂದಿದೆ. ಏಳರಿಂದ ಒಂಬತ್ತನೇ ಹಂತದ ಪರೀಕ್ಷೆ 2022ರ ನವೆಂಬರಿನಲ್ಲಿ ಶುರುವಾಯಿತು. ಹೊಸ ಪಟ್ಟಿಯಲ್ಲಿ ಕೆಳಹಂತಗಳ ಪದಸಂಖ್ಯೆ ಹಳೆಯದಕ್ಕಿಂತ ಹೆಚ್ಚು. ನೀವು ಆರಿಸಿದ ದಿನಾಂಕದ ಪರೀಕ್ಷೆ ಯಾವ ಪಠ್ಯಕ್ರಮದ್ದು ಎಂದು ಅಧಿಕೃತ ತಾಣದಲ್ಲಿ ನೋಡಿಯೇ ಪುಸ್ತಕ ತೆಗೆದುಕೊಳ್ಳಿ. ಹಳೆಯ ಸೆಟ್ ಅರ್ಧ ಬೆಲೆಗೆ ಸಿಕ್ಕಿತೆಂದು ಕೊಂಡು ಕೂತರೆ ಓದಿದ್ದೇ ಒಂದು, ಬಂದದ್ದೇ ಒಂದು ಆದೀತು.

ಕಾಗದವೋ, ಕಂಪ್ಯೂಟರೋ, ಮನೆಯಿಂದಲೋ?

ಮೂರನೇ ಹಂತದಿಂದ ಮೇಲೆ ಈ ಆಯ್ಕೆ ಅಂಕದ ಮೇಲೆ ನೇರವಾಗಿ ಪರಿಣಾಮ ಬೀರುತ್ತದೆ. ಮೂರನೇ ಹಂತದ ಬರವಣಿಗೆಯಲ್ಲಿ ಹತ್ತು ಪ್ರಶ್ನೆ. ಐದರಲ್ಲಿ ಚೆಲ್ಲಾಪಿಲ್ಲಿಯಾದ ಪದಗಳನ್ನು ಜೋಡಿಸಿ ವಾಕ್ಯ ಮಾಡಬೇಕು. ಇನ್ನೈದರಲ್ಲಿ ವಾಕ್ಯದ ನಡುವೆ ಒಂದು ಖಾಲಿ ಜಾಗ, ಅದರ ಮೇಲೆ ಪಿನ್‌ಯಿನ್. ಅಲ್ಲಿಗೆ ಸೇರುವ ಅಕ್ಷರವನ್ನು ಬರೆಯಬೇಕು. ಕಾಗದದಲ್ಲಿ ಆ ಅಕ್ಷರದ ಒಂದೊಂದು ಗೀಟೂ ನೆನಪಿನಿಂದಲೇ ಬರಬೇಕು. ಒಂದು ಚುಕ್ಕೆ ತಪ್ಪಿದರೂ ಬೇರೆ ಅಕ್ಷರವಾದೀತು. ಕಂಪ್ಯೂಟರಿನಲ್ಲಿ ಪಿನ್‌ಯಿನ್ ಟೈಪ್ ಮಾಡಿದರೆ ಅಕ್ಷರಗಳ ಸಾಲು ಎದುರು ಬರುತ್ತದೆ, ಅದರಲ್ಲಿ ಸರಿಯಾದದ್ದನ್ನು ಗುರುತಿಸಿದರೆ ಆಯಿತು. ಕಲಿಕೆಯೆಲ್ಲ ಮೊಬೈಲಿನಲ್ಲೇ ಆಗಿದ್ದವರು ಕಂಪ್ಯೂಟರನ್ನೇ ಆರಿಸಿ. ಐದನೇ ಹಂತದಲ್ಲಿ 80 ಅಕ್ಷರದ ಎರಡು ಬರಹ, ಆರರಲ್ಲಿ ದೀರ್ಘ ಕಥೆಯೊಂದನ್ನು 400 ಅಕ್ಷರಕ್ಕೆ ಇಳಿಸುವುದು. ಅಲ್ಲಂತೂ ಟೈಪಿಂಗ್ ಬಂದವರಿಗೆ ಸಮಯ ಉಳಿಯುತ್ತದೆ.

ಕಂಪ್ಯೂಟರ್ ಪರೀಕ್ಷೆಗೆ ಇನ್ನೂ ಎರಡು ಅನುಕೂಲ. ಕಾಗದದ ಪರೀಕ್ಷೆಯ ನೋಂದಣಿ ಸಾಮಾನ್ಯವಾಗಿ 27 ದಿನ ಮೊದಲೇ ಮುಚ್ಚುತ್ತದೆ, ಕಂಪ್ಯೂಟರಿನದ್ದು 10 ದಿನ ಮೊದಲು. ಫಲಿತಾಂಶ ಕಾಗದದ್ದಕ್ಕೆ ಸುಮಾರು ಒಂದು ತಿಂಗಳು, ಕಂಪ್ಯೂಟರಿನದ್ದಕ್ಕೆ ಸುಮಾರು ಎರಡು ವಾರ. ಅರ್ಜಿಯ ಕೊನೆಯ ದಿನ ಹತ್ತಿರ ಇರುವವರಿಗೆ ಈ ಎರಡು ವಾರವೇ ನಿರ್ಣಾಯಕ. ಕಾಗದದ ಪರೀಕ್ಷೆ ಹಿಡಿಸುವುದು ಪರದೆ ನೋಡಿ ಕಣ್ಣು ದಣಿಯುವವರಿಗೆ, ಓದುವಾಗ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳುವ ಅಭ್ಯಾಸದವರಿಗೆ, ಮತ್ತು ಬರವಣಿಗೆಯೇ ಇಲ್ಲದ ಒಂದು–ಎರಡನೇ ಹಂತದವರಿಗೆ.

ಮನೆಯಿಂದ ಬರೆಯುವ ವ್ಯವಸ್ಥೆ ಕೋವಿಡ್ ಕಾಲದಲ್ಲಿ, 2020ರಲ್ಲಿ ಬಂತು. ಬದಿಯಡ್ಕದ ಮನೆಯಲ್ಲೇ ಕೂತು ಬರೆಯಬಹುದು ಎಂದಾಗ ಆಸೆಯಾಗುವುದು ಸಹಜ, ರೈಲಿನ ಖರ್ಚು ಪೂರ್ತಿ ಉಳಿಯುತ್ತದೆ. ಆದರೆ ಬೇಡಿಕೆಗಳೂ ಅಷ್ಟೇ ಇವೆ. ಕ್ಯಾಮೆರಾ, ಮೈಕು ಇರುವ ಕಂಪ್ಯೂಟರು ಬೇಕು. ಪಕ್ಕದಿಂದ ನಿಮ್ಮನ್ನೂ ಮೇಜನ್ನೂ ತೋರಿಸುವ ಎರಡನೇ ಸಾಧನ, ಸಾಮಾನ್ಯವಾಗಿ ಒಂದು ಮೊಬೈಲ್, ಬೇಕು. ಬೇರೆ ಯಾರೂ ಬಾರದ ಕೋಣೆಯೂ ಬೇಕು. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮನೆಪರೀಕ್ಷೆಗೆ ಹೆಸರು ಕೊಡದಿರುವುದು ಒಳ್ಳೆಯದು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಇನ್ವರ್ಟರು ಲ್ಯಾಪ್‌ಟಾಪನ್ನು ಉಳಿಸೀತು, ರಸ್ತೆಬದಿಯ ಕೇಬಲ್ ತುಂಡಾದರೆ ಅದಕ್ಕೆ ಉಪಾಯ ಇಲ್ಲ. ಡಿಸೆಂಬರಿನಿಂದ ಮೇ ನಡುವೆ, ಫೈಬರ್ ನೆಟ್ ಜೊತೆ ಮೊಬೈಲ್ ಡೇಟಾವನ್ನೂ ಸಿದ್ಧ ಇಟ್ಟುಕೊಂಡರೆ ನಡೆಯುತ್ತದೆ. ಶುಲ್ಕ ಕಟ್ಟುವ ಮುನ್ನ, ಮನೆಪರೀಕ್ಷೆಯ ಅಂಕ ಒಪ್ಪುತ್ತೀರಾ ಎಂದು ವಿಶ್ವವಿದ್ಯಾಲಯಕ್ಕೆ ಮೇಲ್ ಮಾಡಿ, ಬಂದ ಉತ್ತರ ಉಳಿಸಿಕೊಳ್ಳಿ.

ಮಾತಿನ ಪರೀಕ್ಷೆ ಸೇರಿಸಿಕೊಳ್ಳಬೇಕೇ?

ಆರು ಹಂತದ ಎಚ್‌ಎಸ್‌ಕೆಯಲ್ಲಿ ಮಾತು ಇಲ್ಲ. ಅದಕ್ಕೆ ಎಚ್‌ಎಸ್‌ಕೆಕೆ ಎಂಬ ಬೇರೆ ಪರೀಕ್ಷೆ ಇದೆ. ಪ್ರಾಥಮಿಕ, ಮಧ್ಯಮ, ಉನ್ನತ ಎಂದು ಮೂರು ಮಟ್ಟ, 100ಕ್ಕೆ 60 ಬಂದರೆ ಪಾಸ್. ಎದುರಿಗೆ ಪರೀಕ್ಷಕರು ಇರುವುದಿಲ್ಲ, ಹೆಡ್‌ಫೋನ್ ಹಾಕಿಕೊಂಡು ಉತ್ತರವನ್ನು ಮೈಕಿಗೆ ಹೇಳಬೇಕು. ಕೊಠಡಿಯಲ್ಲಿ ಉಳಿದವರೂ ಅದೇ ಹೊತ್ತಿಗೆ ಗಟ್ಟಿಯಾಗಿ ಮಾತಾಡುತ್ತಿರುತ್ತಾರೆ. ಪಕ್ಕದವರ ಉತ್ತರ ಕಿವಿಗೆ ಬಿದ್ದು ತಮ್ಮದು ತಡವರಿಸುವುದು ಸಾಮಾನ್ಯ. ಮನೆಯಲ್ಲಿ ಟಿವಿ ಹಾಕಿಟ್ಟು ಅಭ್ಯಾಸ ಮಾಡಿ. ವಿದ್ಯಾರ್ಥಿವೇತನಕ್ಕೆ ಹಾಕುವವರು ಇದನ್ನು ಎಚ್‌ಎಸ್‌ಕೆ ಜೊತೆಗೇ ಒಂದೇ ಪ್ರಯಾಣದಲ್ಲಿ ಮುಗಿಸಿ, ಉಳಿದವರಿಗೆ ಬೇಕಾಗಿಲ್ಲ.

ಇಲ್ಲಿ ಕನ್ನಡದವರಿಗೆ ಒಂದು ಲಾಭ ಇದೆ. ಪಿನ್‌ಯಿನ್‌ನ 'ಬಿ' ಅಕ್ಷರ ನಮ್ಮ ಅಲ್ಪಪ್ರಾಣ ಪಕಾರಕ್ಕೆ, 'ಪಿ' ಮಹಾಪ್ರಾಣಕ್ಕೆ ಹತ್ತಿರ. 'ಡಿ'–'ಟಿ', 'ಜಿ'–'ಕೆ' ಜೋಡಿಗಳೂ ಹಾಗೆಯೇ. ಇಂಗ್ಲಿಷ್ ಓದಿನಂತೆ ಉಚ್ಚರಿಸದೆ ಕನ್ನಡದ ವರ್ಗಾಕ್ಷರ ನೆನೆದು ಹೇಳಿದರೆ ಅರ್ಧ ತಪ್ಪು ಕಡಿಮೆಯಾಗುತ್ತದೆ.

ಟಿಒಸಿಎಫ್‌ಎಲ್: ತೈವಾನಿನ ದಾರಿ

ತೈವಾನಿನ ಪರೀಕ್ಷೆಯಲ್ಲಿ ಆರಂಭಿಕ ಮಟ್ಟ ಒಂದು, ಅದರ ಮೇಲೆ ಎ, ಬಿ, ಸಿ ಎಂಬ ಮೂರು ಬ್ಯಾಂಡ್. ಒಂದೊಂದು ಬ್ಯಾಂಡಿನಲ್ಲಿ ಎರಡೆರಡು ಹಂತ. ನೀವು ಬ್ಯಾಂಡಿಗೆ ಹೆಸರು ಕೊಡುತ್ತೀರಿ, ಬಂದ ಅಂಕ ನೋಡಿ ಹಂತ ನಿರ್ಧಾರವಾಗುತ್ತದೆ. ಇದು ಎಚ್‌ಎಸ್‌ಕೆಗಿಂತ ಉದಾರ: ಬಿ ಬ್ಯಾಂಡ್ ಬರೆದು ಮೇಲಿನ ಹಂತ ತಪ್ಪಿದರೂ ಕೆಳಗಿನದು ಸಿಗಬಹುದು. ಪ್ರತಿ ಬ್ಯಾಂಡಿನಲ್ಲೂ ಕೇಳುವುದಕ್ಕೆ 50, ಓದುವುದಕ್ಕೆ 50 ಪ್ರಶ್ನೆ, ಎಲ್ಲವೂ ಆಯ್ಕೆಯ ಉತ್ತರಗಳು. ಬರೆಯುವುದಕ್ಕೆ, ಮಾತಿಗೆ ಪ್ರತ್ಯೇಕ ಪರೀಕ್ಷೆಗಳಿವೆ. ಆದ್ದರಿಂದ ಕೈಬರಹ ಬಾರದವರಿಗೆ ಇಲ್ಲಿ ತೊಡಕಿಲ್ಲ.

ತೈವಾನಿನಲ್ಲಿ ಬಳಸುವುದು ಸಾಂಪ್ರದಾಯಿಕ ಲಿಪಿ, ಚೀನಾದಲ್ಲಿ ಸರಳೀಕೃತ ಲಿಪಿ. ಪ್ರಶ್ನೆಪತ್ರಿಕೆಯನ್ನು ಯಾವುದರಲ್ಲಿ ಬೇಕೆಂದು ಆರಿಸುವ ಅವಕಾಶ ಟಿಒಸಿಎಫ್‌ಎಲ್‌ನಲ್ಲಿದೆ. ಸರಳೀಕೃತ ಮಾತ್ರ ಕಲಿತವರೂ ಧೈರ್ಯವಾಗಿ ಬರೆಯಬಹುದು. ಚೀನೀ ಭಾಷೆ ಕಲಿಯಲು ತೈವಾನ್ ಸರ್ಕಾರ ಕೊಡುವ ಹ್ವಾಯೂ ವಿದ್ಯಾರ್ಥಿವೇತನಕ್ಕೆ, ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರಿಗೆ ಇದೇ ಸರಿ. 2024ರ ಫೆಬ್ರುವರಿಯಲ್ಲಿ ಭಾರತ ಮತ್ತು ತೈವಾನ್ ಕಾರ್ಮಿಕರ ವಲಸೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಕೆಲಸ ಹುಡುಕುವವರ ಆಸಕ್ತಿಯೂ ಹೆಚ್ಚಿದೆ. ಆದರೆ ಚೀನಾದ ವಿಶ್ವವಿದ್ಯಾಲಯಕ್ಕೆ ಟಿಒಸಿಎಫ್‌ಎಲ್ ಕೊಟ್ಟು ಎಚ್‌ಎಸ್‌ಕೆ ಬದಲಿಗೆ ಒಪ್ಪಿಕೊಳ್ಳಿ ಎಂದರೆ ನಡೆಯದು. ಎರಡೂ ದೇಶಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ, ಕೊನೆಯ ದಿನ ಮೊದಲು ಬರುವ ದೇಶದ್ದನ್ನು ಮೊದಲು ಬರೆಯಿರಿ.

ಮಕ್ಕಳಿಗೆ ವೈಸಿಟಿ ಎಂಬ ಚೀನಾದ ಪರೀಕ್ಷೆ ಇದೆ: ನಾಲ್ಕು ಹಂತ, ಪದಗಳು 80, 150, 300, 600. ಶಾಲೆಗೆ ಹೋಗುವ ಮಗುವಿಗೆ ಎಚ್‌ಎಸ್‌ಕೆ ಹೇರುವುದಕ್ಕಿಂತ ಇದು ಹಿತ, ಆದರೆ ಕಾಲೇಜು ಪ್ರವೇಶಕ್ಕೆ ಉಪಯೋಗ ಇಲ್ಲ. ವ್ಯಾಪಾರಿಗಳಿಗೆ ಬಿಸಿಟಿ ಎಂಬ ಪರೀಕ್ಷೆ ಇದೆ. ಸರಕು ಕೊಳ್ಳುವವರು ಬೆಲೆ, ಅಳತೆ, ದಿನಾಂಕದ ಮಾತು ಕಲಿತರೆ ಸಾಕು. ಮಾರುವವನು ಪ್ರಮಾಣಪತ್ರ ಕೇಳುವುದಿಲ್ಲ.

ನೋಂದಣಿ: ತಪ್ಪು ನುಸುಳುವ ಜಾಗಗಳು

ಎಚ್‌ಎಸ್‌ಕೆಗೆ ಚೈನೀಸ್‌ಟೆಸ್ಟ್ ಡಾಟ್ ಸಿಎನ್ ತಾಣದಲ್ಲಿ ಖಾತೆ ತೆರೆದು, ಪರೀಕ್ಷೆ, ಹಂತ, ದಿನಾಂಕ, ದೇಶ, ಕೇಂದ್ರ ಆರಿಸಿ, ವಿವರ ತುಂಬಿ, ಫೋಟೊ ಏರಿಸಿ, ಶುಲ್ಕ ಕಟ್ಟಬೇಕು. ನಂತರ ಅಲ್ಲಿಂದಲೇ ಪ್ರವೇಶಪತ್ರ ಇಳಿಸಿ ಮುದ್ರಿಸಿಕೊಳ್ಳಬೇಕು. ಹೇಳುವುದಕ್ಕೆ ಸುಲಭ.

ನಮ್ಮಲ್ಲಿ ಆನ್‌ಲೈನ್ ಅರ್ಜಿ ಅಂದರೆ ಅಕ್ಷಯ ಕೇಂದ್ರ. ಅಲ್ಲಿ ತುಂಬಿಸುವುದರಲ್ಲಿ ತಪ್ಪೇನಿಲ್ಲ, ಆದರೆ ಇಮೇಲ್ ನಿಮ್ಮದೇ ಇರಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ. ಬೇರೆಯವರ ಮೇಲ್ ಕೊಟ್ಟರೆ ಕೇಂದ್ರದಿಂದ ಬರುವ ಸೂಚನೆ, ಪ್ರವೇಶಪತ್ರ, ಕೊನೆಗೆ ಫಲಿತಾಂಶ, ಎಲ್ಲವೂ ಅವರ ಮೇಲ್‌ಗೇ ಹೋಗುತ್ತದೆ. ಹಂತ ಆರಿಸುವಾಗ ಎಚ್‌ಎಸ್‌ಕೆ, ಎಚ್‌ಎಸ್‌ಕೆಕೆ ಎರಡೂ ಒಂದೇ ಥರ ಕಾಣುತ್ತವೆ, ಮಾತಿನ ಪರೀಕ್ಷೆಗೆ ತಪ್ಪಿ ದುಡ್ಡು ಕಟ್ಟಬೇಡಿ. ಫೋಟೊ ಬಿಳಿ ಹಿನ್ನೆಲೆಯದ್ದು, ಪಾಸ್‌ಪೋರ್ಟ್ ಮಾದರಿಯದ್ದು ಬೇಕು. ಅಂಕಪಟ್ಟಿಯ ಮೇಲೂ ಅದೇ ಬರುವುದರಿಂದ ಮೊಬೈಲಿನಲ್ಲಿ ಗೋಡೆ ಎದುರು ನಿಂತು ತೆಗೆದ ಚಿತ್ರ ಬೇಡ. ಶುಲ್ಕ ಕಟ್ಟುವ ರೀತಿ ಕೇಂದ್ರದಿಂದ ಕೇಂದ್ರಕ್ಕೆ ಬೇರೆ. ಕಾರ್ಡಿನಲ್ಲಿ ವಿದೇಶಕ್ಕೆ ಕಟ್ಟಬೇಕಾಗಿ ಬಂದರೆ ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಮೊದಲೇ ತೆರೆದಿಡಿ.

ಇನ್ನು ಹೆಸರು. ಅರ್ಜಿಯಲ್ಲಿ ಕುಲನಾಮ (ಸರ್‌ನೇಮ್), ಕೊಟ್ಟ ಹೆಸರು (ಗಿವನ್ ನೇಮ್) ಎಂದು ಎರಡು ಜಾಗ ಇರುತ್ತವೆ. ಕೇರಳದ ಶಾಲಾ ದಾಖಲೆಯಲ್ಲಿ 'ಅನುಷಾ ಕೆ' ಎಂದು ಇನಿಷಿಯಲ್ ಕೊನೆಗೆ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಆ 'ಕೆ' ಬಿಡಿಸಿ ಅಪ್ಪನ ಹೆಸರೋ ಮನೆತನದ ಹೆಸರೋ ಆಗಿರುತ್ತದೆ, ಅಥವಾ ಕುಲನಾಮದ ಜಾಗವೇ ಖಾಲಿ ಇರುತ್ತದೆ. ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿದ್ದಂತೆಯೇ, ಅಕ್ಷರ ಅಕ್ಷರಕ್ಕೂ ಹೊಂದುವಂತೆ ಬರೆಯಿರಿ. 'ಗೀತಾ'ದಲ್ಲಿ 'ಟಿ' ಆದ ಮೇಲೆ 'ಎಚ್' ಇದೆಯೇ, 'ಭಟ್' ಕೊನೆಗೆ ಒಂದು 'ಟಿ'ಯೋ ಎರಡೋ, ಎಲ್ಲವನ್ನೂ ಪಾಸ್‌ಪೋರ್ಟ್ ಎದುರಿಗಿಟ್ಟು ನೋಡಿ. ಕುಲನಾಮ ಖಾಲಿ ಇದ್ದರೆ ನೀವೇ ಒಂದು ಹುಟ್ಟಿಸಿ ಬರೆಯಬೇಡಿ. ಪಾಸ್‌ಪೋರ್ಟಿನ ಪ್ರತಿ ಸಹಿತ ಕೇಂದ್ರಕ್ಕೆ ಮೇಲ್ ಮಾಡಿ, ಅವರು ಹೇಳಿದಂತೆ ತುಂಬಿ, ಮುಂದೆ ವಿಶ್ವವಿದ್ಯಾಲಯದ ಅರ್ಜಿಯಲ್ಲೂ ಅದನ್ನೇ ಬಳಸಿ. ಅಂಕಪಟ್ಟಿ ಒಂದು ಹೆಸರಲ್ಲಿ, ಪಾಸ್‌ಪೋರ್ಟ್ ಇನ್ನೊಂದರಲ್ಲಿ ಇದ್ದರೆ ಅದನ್ನು ಸರಿಪಡಿಸುವ ಓಡಾಟದಲ್ಲಿ ಪ್ರವೇಶದ ಅವಧಿಯೇ ಮುಗಿದುಹೋಗಬಹುದು. ಪಾಸ್‌ಪೋರ್ಟನ್ನೇ ತಿದ್ದಿಸಬೇಕಿದ್ದರೆ ಕಾಸರಗೋಡಿನವರು ಕಲ್ಲಿಕೋಟೆ ಕಚೇರಿಯ ವ್ಯಾಪ್ತಿಯಲ್ಲಿ, ಪಯ್ಯನ್ನೂರು ಸೇವಾಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ತೆಗೆದು, ಆ ಕೆಲಸ ಮುಗಿದ ಮೇಲೆಯೇ ಪರೀಕ್ಷೆಗೆ ಹೆಸರು ಕೊಡಿ. ನಡುವೆ ಪಾಸ್‌ಪೋರ್ಟ್ ಬದಲಾದರೆ ನಂಬರೂ ಬದಲಾಗುತ್ತದೆ. ಆಗ ಕೇಂದ್ರಕ್ಕೆ ತಿಳಿಸಿ, ಪರೀಕ್ಷೆಯ ದಿನ ಹಳೆಯದನ್ನೂ ಕೊಂಡೊಯ್ಯಿರಿ.

ಯಾವ ಊರಿಗೆ ಹೋಗುವುದು?

ದಕ್ಷಿಣ ಮತ್ತು ಪಶ್ಚಿಮ ಭಾರತದಲ್ಲಿ ಎಚ್‌ಎಸ್‌ಕೆಗೆ ಹೆಸರಾದ ಊರುಗಳು ವೆಲ್ಲೂರು ಮತ್ತು ಮುಂಬೈ. ಟಿಒಸಿಎಫ್‌ಎಲ್‌ಗೆ ಚೆನ್ನೈ ಕಡೆ ನೋಡಿ, ಅಲ್ಲಿನ ಐಐಟಿಯಲ್ಲಿ ತೈವಾನ್ ಶಿಕ್ಷಣ ಕೇಂದ್ರ ಇದೆ. ಜಾಗತಿಕ ವೇಳಾಪಟ್ಟಿಯಲ್ಲಿ ಇರುವ ಎಲ್ಲ ದಿನಾಂಕಗಳಲ್ಲೂ, ಎಲ್ಲ ಹಂತಗಳಲ್ಲೂ ಪ್ರತಿ ಕೇಂದ್ರ ಪರೀಕ್ಷೆ ನಡೆಸುವುದಿಲ್ಲ. ತಾಣದಲ್ಲಿ ನಿಮ್ಮ ಹಂತ, ನಿಮ್ಮ ದಿನಾಂಕಕ್ಕೆ ಯಾವ ಕೇಂದ್ರ ತೆರೆದಿದೆ ಎಂದು ನೋಡಿದ ಮೇಲೆಯೇ ಊರು ನಿಶ್ಚಯಿಸಿ.

ಕಾಸರಗೋಡು, ಕುಂಬಳೆಯವರಿಗೆ ಎರಡೂ ಸಿಕ್ಕಿದರೆ ವೆಲ್ಲೂರೇ ವಾಸಿ. ಮಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುಗಳು ಕಾಸರಗೋಡಿನಲ್ಲೂ ಕಾಟ್ಪಾಡಿಯಲ್ಲೂ ನಿಲ್ಲುತ್ತವೆ, ಕಾಟ್ಪಾಡಿಯೇ ವೆಲ್ಲೂರಿನ ನಿಲ್ದಾಣ. ಸಂಜೆ ಹತ್ತಿದರೆ ಬೆಳಗಿನ ಜಾವಕ್ಕೆ ಇಳಿಯಬಹುದು. ಮುಂಬೈಗೆ ನೇತ್ರಾವತಿ ರೈಲಿನಲ್ಲಿ ನೇರ ಹೋಗಬಹುದಾದರೂ ಪ್ರಯಾಣ ಉದ್ದ, ಊರಲ್ಲಿ ಉಳಿಯುವ ಖರ್ಚೂ ಹೆಚ್ಚು. ಜೂನ್‌ನಿಂದ ಕೊಂಕಣ ರೈಲಿಗೆ ಮಳೆಗಾಲದ ವೇಳಾಪಟ್ಟಿ, ಗಾಡಿಗಳು ನಿಧಾನ. ಸಂಬಂಧಿಕರ ಮನೆ ಮುಂಬೈಯಲ್ಲಿದ್ದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ, ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅಂಥ ಅನುಕೂಲ ಇದ್ದೇ ಇದೆ. ಹೊಸೂರು, ಕೃಷ್ಣಗಿರಿಯವರಿಗೆ ವೆಲ್ಲೂರು ಬಸ್ಸಿನ ದಾರಿ. ಅಕ್ಕಲಕೋಟೆ, ಸೊಲ್ಲಾಪುರದ ಕನ್ನಡಿಗರಿಗೆ ಮುಂಬೈ ರಾತ್ರಿ ರೈಲಿನ ದೂರ. ಮಡಕಶಿರಾ ಕಡೆಯವರು ಬೆಂಗಳೂರಿಗೆ ಬಂದು ಕಾಟ್ಪಾಡಿ ರೈಲು ಹಿಡಿಯಬಹುದು.

ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ನೋಂದಣಿ ಪಕ್ಕಾ ಆಗಲಿ ಎಂದು ಕಾಯುತ್ತ ಕೂತರೆ ಓಣಂ, ಬೇಸಿಗೆ ರಜೆಯ ಹೊತ್ತಿಗೆ ವೇಟಿಂಗ್ ಲಿಸ್ಟೇ ಗತಿ. ಅರ್ಜಿ ಹಾಕಿದ ದಿನವೇ ಟಿಕೆಟ್ ತೆಗೆದಿಡಿ, ಬೇಡವಾದರೆ ರದ್ದು ಮಾಡಿದಾಗ ಹೋಗುವ ಹಣ ಸಣ್ಣದು. ಪರೀಕ್ಷೆಯ ದಿನ ಬೆಳಿಗ್ಗೆ ತಲುಪುವ ಗಾಡಿಯನ್ನು ನಂಬಬೇಡಿ. ಹಿಂದಿನ ದಿನವೇ ಹೋಗಿ ಕಾಟ್ಪಾಡಿ ಹತ್ತಿರ ಒಂದು ರಾತ್ರಿ ಉಳಿಯಿರಿ. ಆಲಿಸುವ ಭಾಗ ಶುರುವಾದ ಮೇಲೆ ತಡವಾಗಿ ಬಂದರೆ ಆ ಭಾಗವೇ ಕೈತಪ್ಪಬಹುದು, ಆಗ ಕಟ್ಟಿದ ಶುಲ್ಕವೂ ಪ್ರಯಾಣವೂ ವ್ಯರ್ಥವಾದೀತು. ಅರ್ಧ ಗಂಟೆ ಮೊದಲು ಬಾಗಿಲಲ್ಲಿರಿ. ಮೂಲ ಪಾಸ್‌ಪೋರ್ಟ್, ಮುದ್ರಿಸಿದ ಪ್ರವೇಶಪತ್ರ, ಕಾಗದದ ಪರೀಕ್ಷೆಯಾದರೆ ಎರಡು 2ಬಿ ಪೆನ್ಸಿಲ್ ಮತ್ತು ಒಂದು ರಬ್ಬರ್ ಚೀಲದಲ್ಲಿರಲಿ.